ಬಣ್ಣದ ಬೆಂಕಿ ತೋರಿಸೋ ಮುಂಚೆ: ಒಂದು ರಸಾಯನ ಸಂಘದಿಂದ ನಾವು ಕಲಿಯಬಹುದಾದದ್ದು

ಫೆಬ್ರವರಿ ಶುರುವಾದ ಕೂಡಲೇ ನಮ್ಮ ಕ್ಲಬ್ಬಿನ ವಾಟ್ಸ್ಯಾಪ್ ಗುಂಪಿನಲ್ಲಿ ಒಂದೇ ಚರ್ಚೆ. 28ಕ್ಕೆ ರಾಷ್ಟ್ರೀಯ ವಿಜ್ಞಾನ ದಿನ, ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಹೋಗ್ಬೇಕು, ಮಕ್ಕಳಿಗೆ ಏನು ತೋರಿಸೋಣ? ಯಾರಾದ್ರೂ ಒಬ್ರು ಒಂದು ವಿಡಿಯೋ ಹಾಕ್ತಾರೆ. ಮೇಜಿನ ಮೇಲೆ ಸಾಲಾಗಿ ಬಟ್ಟಲುಗಳು, ಒಂದೊಂದರಲ್ಲೂ ಒಂದೊಂದು ಬಣ್ಣದ ಬೆಂಕಿ: ಕೆಂಪು, ಹಸಿರು, ಹಳದಿ, ನೇರಳೆ. ಕೆಳಗೆ ಇಪ್ಪತ್ತು ಜನ 'ಇದೇ ಮಾಡೋಣ' ಅಂತ ಕೈ ಎತ್ತಿರ್ತಾರೆ. ಆ ಪ್ರಯೋಗವನ್ನು ಹಾಗೆ ಮಾಡಬಾರದು ಅಂತ ರಸಾಯನ ವಿಜ್ಞಾನಿಗಳ ಒಂದು ದೊಡ್ಡ ಸಂಘವೇ ಹೇಳಿದೆ. ಯಾಕೆ ಹೇಳಿತು, ಆ ಸಂಘ ಊರೂರಿನ ಮಕ್ಕಳ ಹತ್ತಿರ ಹೇಗೆ ಹೋಗುತ್ತೆ, ನಾವು ಅದರಿಂದ ಏನು ತಗೋಬಹುದು ಅನ್ನೋದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಸಂಘದ ಹೆಸರು ಅಮೆರಿಕನ್ ಕೆಮಿಕಲ್ ಸೊಸೈಟಿ. 1876ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ್ದು. ಮೊದಮೊದಲು ಅದು ನ್ಯೂಯಾರ್ಕಿನವರ ಸಂಘದಂತೆಯೇ ಇತ್ತು, ದೂರದ ಊರುಗಳವರಿಗೆ ಅದರಿಂದ ಅಷ್ಟೇನೂ ಉಪಯೋಗ ಇರಲಿಲ್ಲ. 1891ರಲ್ಲಿ ರೋಡ್ ಐಲೆಂಡ್‌ನಲ್ಲಿ ಮೊದಲ ಸ್ಥಳೀಯ ಶಾಖೆ ಶುರುವಾಯ್ತು. ಇವತ್ತು ಅಂಥ ಶಾಖೆಗಳು 180ಕ್ಕೂ ಹೆಚ್ಚಿವೆ. ನಮ್ಮಲ್ಲಿ ಸಾಹಿತ್ಯ ಪರಿಷತ್ತಿಗೆ ಜಿಲ್ಲಾ ಘಟಕ, ತಾಲೂಕು ಘಟಕ ಇದ್ದಂತೆ ಅಂದ್ಕೊಳ್ಳಿ. ಕಂಪನಿಯ ಲ್ಯಾಬಿನಲ್ಲಿ ದುಡಿಯೋರು, ಹೈಸ್ಕೂಲ್ ಮೇಷ್ಟ್ರು, ಪ್ರೊಫೆಸರ್, ನಿವೃತ್ತರು, ವಿದ್ಯಾರ್ಥಿಗಳು ಒಂದೇ ಶಾಖೆಯಲ್ಲಿರ್ತಾರೆ. ಆಗಾಗ ಒಂದು ಸಭೆ, ಒಂದು ಉಪನ್ಯಾಸ, ಜೊತೆಗೆ ಊಟ. ಸಂಬಳವಿಲ್ಲದ ಕೆಲಸ, ಎಲ್ಲ ಸ್ವಯಂಸೇವಕರೇ.

ಈ ಶಾಖೆಗಳಿಗೆ ವರ್ಷದ ದೊಡ್ಡ ಹಬ್ಬ ಅಂದ್ರೆ ಅಕ್ಟೋಬರಿನ ರಸಾಯನ ಸಪ್ತಾಹ. ಜಾರ್ಜ್ ಪಿಮೆಂಟೆಲ್ ಅನ್ನೋ ವಿಜ್ಞಾನಿ ಸೊಸೈಟಿಯ ಅಧ್ಯಕ್ಷರಾಗಿದ್ದಾಗ ಹುಟ್ಟಿದ ಯೋಚನೆ ಇದು. 1987ರಲ್ಲಿ ಒಂದು ದಿನದ ಆಚರಣೆಯಾಗಿ ಶುರುವಾಗಿ ಆಮೇಲೆ ವಾರವಾಯ್ತು. ಅಕ್ಟೋಬರ್ 23ರ ಆಸುಪಾಸು ಇದು ಬೀಳುತ್ತೆ. ಯಾಕೆ 23? ಒಂದು ಮೋಲ್‌ನಲ್ಲಿರೋ ಕಣಗಳ ಸಂಖ್ಯೆ 6.02 × 10²³. ಅಮೆರಿಕದವರು ದಿನಾಂಕದಲ್ಲಿ ತಿಂಗಳನ್ನು ಮೊದಲು ಬರೀತಾರೆ, ಹಾಗಾಗಿ ಅದು 10/23. ಬೆಳಗ್ಗೆ 6 ಗಂಟೆ 2 ನಿಮಿಷಕ್ಕೆ 'ಮೋಲ್ ದಿನ' ಶುರು ಅಂತ ತಮಾಷೆ ಮಾಡ್ತಾರೆ. ನಾವು ದಿನಾಂಕ ಬರೆಯೋ ರೀತಿಯಲ್ಲಿ ಈ ಜೋಕ್ ಕೂರೋದಿಲ್ಲ, ಬಿಡಿ.

ಆ ವಾರದಲ್ಲಿ ಶಾಖೆಯವರು ಮ್ಯೂಸಿಯಂ, ಗ್ರಂಥಾಲಯ, ಶಾಲೆ, ಮಾಲ್‌ಗಳಲ್ಲಿ ಮೇಜು ಹಾಕಿಕೊಂಡು ಕೂರ್ತಾರೆ. ಪ್ರತಿ ವರ್ಷಕ್ಕೂ ಒಂದು ವಿಷಯ ಇರುತ್ತೆ, ಅದಕ್ಕೆ ತಕ್ಕಂತೆ ಮಕ್ಕಳಿಗಾಗಿ ಒಂದು ಪುಟ್ಟ ಪತ್ರಿಕೆ ಅಚ್ಚಾಗುತ್ತೆ. ನಮ್ಮಂಥ ಭಾಷಾ ಕ್ಲಬ್ಬಿನವರು ಗಮನಿಸಬೇಕಾದ್ದು ಏನು ಗೊತ್ತಾ? ಆ ಪತ್ರಿಕೆ ಇಂಗ್ಲಿಷಿನಲ್ಲೂ ಬರುತ್ತೆ, ಸ್ಪ್ಯಾನಿಷ್‌ನಲ್ಲೂ ಬರುತ್ತೆ. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡೋ ಮಗುವಿಗೂ ಅದರ ಅಪ್ಪ-ಅಮ್ಮನಿಗೂ ಒಟ್ಟಿಗೆ ಓದಲು ಸಿಗಲಿ ಅಂತ. ಇನ್ನೊಂದು, ಶಾಲಾ ಮಕ್ಕಳಿಗೆ ಸಚಿತ್ರ ಕವನ ಸ್ಪರ್ಧೆ. ಆ ವರ್ಷದ ವಿಷಯದ ಮೇಲೆ 40 ಪದ ಮೀರದಂತೆ ಒಂದು ಪದ್ಯ, ಜೊತೆಗೆ ಕೈಯಲ್ಲಿ ಬಿಡಿಸಿದ ಚಿತ್ರ. ಶಾಖೆಯಲ್ಲಿ ಗೆದ್ದದ್ದು ರಾಷ್ಟ್ರಮಟ್ಟಕ್ಕೆ ಹೋಗುತ್ತೆ. ರಸಾಯನ ವಿಜ್ಞಾನದವರು ಕವನ ಬರೆಸ್ತಾರೆ, ಕನ್ನಡ ಕ್ಲಬ್ಬಿನ ನಾವು ಭಾವಗೀತೆ ಸ್ಪರ್ಧೆ ಮುಗಿಸಿ ಮನೆಗೆ ಹೋಗ್ತೀವಿ!

ಇನ್ನು ಬಣ್ಣದ ಬೆಂಕಿಯ ವಿಷಯ.

ಅದರ ಹಿಂದಿನ ವಿಜ್ಞಾನ ನಿಜಕ್ಕೂ ಚೆನ್ನಾಗಿದೆ. ಲೋಹದ ಲವಣ ಬಿಸಿಯಾದಾಗ ಪರಮಾಣುವಿನ ಎಲೆಕ್ಟ್ರಾನು ಮೇಲಿನ ಶಕ್ತಿಮಟ್ಟಕ್ಕೆ ಜಿಗಿಯುತ್ತೆ. ಕೆಳಗೆ ಇಳಿಯೋವಾಗ ಆ ವ್ಯತ್ಯಾಸದಷ್ಟು ಶಕ್ತಿಯನ್ನು ಬೆಳಕಾಗಿ ಬಿಡುತ್ತೆ. ಮೆಟ್ಟಿಲಿನ ಎತ್ತರ ಒಂದೊಂದು ಧಾತುವಿಗೆ ಒಂದೊಂದು, ಹಾಗಾಗಿ ಬಣ್ಣವೂ ಬೇರೆ. ಸೋಡಿಯಂ ಕೊಡೋದು ಸುಮಾರು 589 ನ್ಯಾನೊಮೀಟರಿನ ಹಳದಿ, ಎಲ್‌ಇಡಿ ಬರೋ ಮುಂಚೆ ನಮ್ಮ ರಸ್ತೆಗಳಲ್ಲಿದ್ದ ಹಳದಿ ದೀಪದ ಬೆಳಕು ಅದೇ. ಸ್ಟ್ರಾನ್ಶಿಯಂ ಕೆಂಪು, ತಾಮ್ರ ಹಸಿರು, ಪೊಟ್ಯಾಸಿಯಂ ತಿಳಿನೇರಳೆ. ದೀಪಾವಳಿ ಪಟಾಕಿಯ ಬಣ್ಣಕ್ಕೂ ಇದೇ ಕಾರಣ.

ತೊಂದರೆ ಇರೋದು ಲವಣದಲ್ಲಲ್ಲ, ಅದನ್ನು ಉರಿಸೋಕೆ ಬಟ್ಟಲಿಗೆ ಹಾಕೋ ಮೆಥನಾಲ್‌ನಲ್ಲಿ. ಮೆಥನಾಲ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 11 ಡಿಗ್ರಿ ಸೆಲ್ಸಿಯಸ್. ಅಂದ್ರೆ ನಮ್ಮ ಯಾವ ತರಗತಿಯಲ್ಲಾದ್ರೂ, ಯಾವ ಕಾಲದಲ್ಲಾದ್ರೂ, ಬಾಟಲಿ ತೆರೆದಿಟ್ಟರೆ ಕಿಡಿ ತಾಗಿದ ಕೂಡಲೇ ಹೊತ್ತಿಕೊಳ್ಳೋವಷ್ಟು ಆವಿ ಅದರ ಮೇಲೆ ಇದ್ದೇ ಇರುತ್ತೆ. ಆ ಆವಿ ಗಾಳಿಗಿಂತ ತುಸು ಭಾರ, ಮೇಜಿನ ಮೇಲೆ ಹರಡುತ್ತೆ. ಮೆಥನಾಲ್‌ನ ಸ್ವಂತ ಜ್ವಾಲೆ ಮಂದ ನೀಲಿ, ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣೋದೇ ಕಷ್ಟ. ಇನ್ನು ಆಗೋದನ್ನು ನೀವೇ ಊಹಿಸಿ. ಒಂದು ಬಟ್ಟಲಿನ ಬೆಂಕಿ ಸಣ್ಣಗಾಗುತ್ತೆ. ಆರಿತು ಅಂತ ತೋರಿಸುತ್ತಿರುವವರು ದೊಡ್ಡ ಬಾಟಲಿಯಿಂದಲೇ ಇನ್ನಷ್ಟು ಸುರೀತಾರೆ. ಉರಿ ಆ ಧಾರೆಯ ಗುಂಟ ಹಿಂದಕ್ಕೆ ಓಡಿ ಬಾಟಲಿಯ ಒಳಗೆ ಹೋಗುತ್ತೆ. ಒಳಗಿನ ಆವಿ ಒಮ್ಮೆಲೇ ಹೊತ್ತಿ, ಉಳಿದ ದ್ರವವನ್ನು ಬಾಯಿಂದ ಹೊರಗೆ ಚಿಮ್ಮಿಸುತ್ತೆ. ಬಾಟಲಿಯ ಬಾಯಿ ಯಾವ ಕಡೆ ಇರುತ್ತೆ? ನೋಡ್ತಾ ಕೂತಿರೋ ಮಕ್ಕಳ ಕಡೆ. ಬೆಂಕಿ ಕೆಲವು ಮೀಟರ್ ದೂರಕ್ಕೂ ಹಾರಬಲ್ಲದು, ಮುಂದಿನ ಸಾಲಿಗೆ ಎದ್ದು ಓಡೋಕೆ ಸಮಯವೇ ಸಿಗೋದಿಲ್ಲ.

ಇದು ಬರೀ ಹೆದರಿಸೋ ಮಾತಲ್ಲ. 2014ರ ಜನವರಿಯಲ್ಲಿ ನ್ಯೂಯಾರ್ಕಿನ ಒಂದು ಹೈಸ್ಕೂಲಿನಲ್ಲಿ ಇದೇ ಪ್ರಯೋಗದ ವೇಳೆ ಇಬ್ಬರು ವಿದ್ಯಾರ್ಥಿಗಳು ಸುಟ್ಟುಕೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನೆವಾಡಾದ ರೀನೊ ಊರಿನ ಒಂದು ಮಕ್ಕಳ ವಿಜ್ಞಾನ ಮ್ಯೂಸಿಯಂನಲ್ಲಿ, ಮೆಥನಾಲ್ ಬಳಸಿದ ಇನ್ನೊಂದು ಬೆಂಕಿ ಪ್ರದರ್ಶನದಲ್ಲಿ 13 ಮಂದಿಗೆ ಗಾಯವಾಯ್ತು, ಹೆಚ್ಚಿನವರು ಮಕ್ಕಳು. ಅದಾಗಿ ಎರಡು ವಾರ ಕಳೆಯೋ ಮುಂಚೆ ಡೆನ್ವರ್‌ನ ಒಂದು ಶಾಲೆಯಲ್ಲೂ ಮೆಥನಾಲ್ ಬೆಂಕಿ ವಿದ್ಯಾರ್ಥಿಗಳ ಮೈಮೇಲೆ ಬಂತು. ತೆರೆದ ಮೇಜಿನ ಮೇಲೆ ಮೆಥನಾಲ್‌ನಂಥ ದ್ರಾವಕ ಹಾಕಿ ಮಾಡೋ 'ಕಾಮನಬಿಲ್ಲು' ಪ್ರದರ್ಶನವನ್ನು ನಿಲ್ಲಿಸಿಬಿಡಿ ಅಂತ ಸೊಸೈಟಿಯ ಸುರಕ್ಷಾ ಸಮಿತಿ ಅದೇ ವರ್ಷ ಶಿಫಾರಸು ಮಾಡಿತು. ತನ್ನದೇ ಜನ ವರ್ಷಗಟ್ಟಲೆ ಪ್ರೀತಿಯಿಂದ ತೋರಿಸುತ್ತಿದ್ದ ಆಟವನ್ನು 'ಬೇಡ' ಅನ್ನೋಕೆ ಸಂಘಕ್ಕೆ ಧೈರ್ಯ ಬೇಕು. ಪದಕ ಕೊಡೋದಕ್ಕಿಂತ ದೊಡ್ಡ ಕೆಲಸ ಇದು ಅಂತ ನಮ್ಮ ಲೆಕ್ಕ.

'ಮೆಥನಾಲ್ ಬೇಡ, ಸ್ಯಾನಿಟೈಸರ್ ಹಾಕಿದ್ರೆ?' ಅಂತ ಕೇಳೋರಿದ್ದಾರೆ. ಅದೂ ಆಲ್ಕೋಹಾಲೇ. ಅದೇ ಗತಿ.

ಹಾಗಂತ ಬಣ್ಣ ತೋರಿಸಲೇಬಾರದು ಅಂತಲ್ಲ. ಐಸ್‌ಕ್ರೀಂ ಕಡ್ಡಿಗಳನ್ನು ಲವಣದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಒಂದು ಲೋಟ ಅಡುಗೆ ಉಪ್ಪು, ಒಂದು ಲೋಟ ಮೈಲುತುತ್ತ, ಲ್ಯಾಬಿನಲ್ಲಿ ಸಿಕ್ಕರೆ ಸ್ಟ್ರಾನ್ಶಿಯಂ ಕ್ಲೋರೈಡ್. ಮರುದಿನ ಒದ್ದೆ ಕಡ್ಡಿಯನ್ನು ಗ್ಯಾಸ್ ಬರ್ನರಿನ ಜ್ವಾಲೆಯಲ್ಲಿ ಹಿಡಿದರೆ ಅದೇ ಬಣ್ಣ ಬರುತ್ತೆ, ಸುರಿಯೋಕೆ ಬಾಟಲಿಯೇ ಇರೋದಿಲ್ಲ. ನೋಡೋರಿಂದ ದೂರ, ಪಕ್ಕದಲ್ಲಿ ಒಂದು ಬಕೆಟ್ ನೀರು, ಕಣ್ಣಿಗೆ ಸುರಕ್ಷಾ ಕನ್ನಡಕ, ಪಕ್ಕದಲ್ಲಿ ಲ್ಯಾಬಿನ ಮೇಷ್ಟ್ರು. ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟು. ಮಲೆನಾಡಿನ ಮಕ್ಕಳಿಗೆ ಅದನ್ನು ಪರಿಚಯಿಸೋದೇ ಬೇಕಾಗಿಲ್ಲ, ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದಲ್ಲಿ ಅದೇ ಇರೋದು: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತೋಟದಲ್ಲಿ ನೋಡಿದ ನೀಲಿ ಪುಡಿ ಬೆಂಕಿಯಲ್ಲಿ ಹಸಿರಾಗೋದನ್ನು ಕಂಡ ಹುಡುಗ ಮನೆಗೆ ಹೋಗಿ ಅಪ್ಪನ ಹತ್ತಿರ ಆ ಮಾತು ಎತ್ತೇ ಎತ್ತುತ್ತಾನೆ.

ಬೆಂಕಿಯೇ ಇಲ್ಲದ ಪ್ರಯೋಗ ಇನ್ನೂ ಒಳ್ಳೇದು. ಅಮೆರಿಕದ ಮೇಜುಗಳಲ್ಲಿ ಕೆಂಪು ಎಲೆಕೋಸಿನ ರಸ ಬಹಳ ಜನಪ್ರಿಯ: ಆಮ್ಲಕ್ಕೆ ಕೆಂಪು, ಕ್ಷಾರಕ್ಕೆ ಹಸಿರು. ನಮಗೆ ಎಲೆಕೋಸು ಹುಡುಕಿಕೊಂಡು ಹೋಗೋ ಕಷ್ಟ ಯಾಕೆ, ಅರಿಶಿನ ಇದೆಯಲ್ಲ. ಆರತಿಯ ಕೆಂಪು ನೀರು ಹೇಗಾಗುತ್ತೆ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ. ಅರಿಶಿನದ ಕರ್ಕ್ಯುಮಿನ್ ಅನ್ನೋ ಬಣ್ಣ ಪಿಎಚ್ ಸುಮಾರು 7.4ರ ಕೆಳಗೆ ಹಳದಿ, 8.6 ದಾಟಿದರೆ ಕೆಂಪು. ನಿಂಬೆರಸ ಬಿಟ್ಟರೆ ಮತ್ತೆ ಹಳದಿಗೆ ಬರುತ್ತೆ. ಕಳೆದ ಸಲ ನಾವು ಅರಿಶಿನ ಬಳಿದ ಕಾಗದದ ಮೇಲೆ ಸೋಪಿನ ನೀರಿನಿಂದ ಕೆಂಪು ಅಕ್ಷರ ಬರೆಸ್ತಿದ್ದಾಗ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ಲು: 'ಅಕ್ಕಾ, ಸಾರು ಚೆಲ್ಲಿದ ಯೂನಿಫಾರ್ಮಿಗೆ ಸೋಪ್ ಹಾಕಿದ್ರೆ ಕಲೆ ಕೆಂಪಾಗುತ್ತೆ, ನೀರಲ್ಲಿ ಜಾಲಿಸಿದ್ರೆ ಹಳದಿ. ಅದೂ ಇದೇನಾ?' ಅದೂ ಇದೇ. ಈ ಪ್ರಶ್ನೆ ಕನ್ನಡದಲ್ಲಿ ಮಾತಾಡಿದ್ದಕ್ಕೆ ಬಂತು. 'ಇಂಡಿಕೇಟರ್' ಅಂತ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಒಪ್ಪಿಸಿದ್ದಿದ್ರೆ ಅವಳು ನೋಟ್ಸ್ ಬರ್ಕೊಂಡು ಸುಮ್ನೆ ಕೂತಿರ್ತಿದ್ಲು.

ಸುಣ್ಣದ ಬಗ್ಗೆ ಮಾತ್ರ ಎಚ್ಚರ. ಎಲೆ ಅಡಿಕೆಗೆ ಹಚ್ಚೋದಲ್ವಾ ಅಂತ ಸಲೀಸಾಗಿ ಮಕ್ಕಳ ಕೈಗೆ ಕೊಡಬೇಡಿ. ಕಣ್ಣಿಗೆ ಬಿದ್ದ ಕ್ಷಾರ ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತೆ, ದೃಷ್ಟಿಯೇ ಹೋಗಬಹುದು. ಬಿದ್ದರೆ ಆ ಕ್ಷಣವೇ ಧಾರಾಳ ನೀರಿನಲ್ಲಿ ಕಾಲು ಗಂಟೆಯಾದ್ರೂ ತೊಳೆದು ಆಸ್ಪತ್ರೆಗೆ ಓಡಬೇಕು. ಮಕ್ಕಳ ಕೈಗೆ ಸೋಪಿನ ನೀರು ಸಾಕು, ಸುಣ್ಣ ನಮ್ಮ ಹತ್ತಿರವೇ ಇರಲಿ.

ಇನ್ನೊಂದು ಪ್ರಯೋಗ ನಮ್ಮ ನೆಲಕ್ಕೆ ಹೇಳಿ ಮಾಡಿಸಿದ್ದು. ಚಾಕುವಿಗೆ ಕೆಂಪು ದಾಸವಾಳದ ಎಸಳು ಚೆನ್ನಾಗಿ ಉಜ್ಜಿ ಒಣಗಿಸಿ. ಆ ಚಾಕುವಿನಲ್ಲಿ ನಿಂಬೆಹಣ್ಣು ಕೊಯ್ದರೆ ಕೆಂಪು ರಸ ಇಳಿಯುತ್ತೆ. ದಾಸವಾಳದ ಆಂಥೋಸಯನಿನ್ ಆಮ್ಲದಲ್ಲಿ ಕೆಂಪಾಗೋದಷ್ಟೇ ಇದರ ಗುಟ್ಟು. 'ನಿಮ್ಮ ಮನೆಗೆ ಮಾಟ ಮಾಡಿಸಿದ್ದಾರೆ, ನೋಡಿ ರಕ್ತ' ಅಂತ ಹೇಳಿ ದುಡ್ಡು ಕೀಳೋರ ಕೈಚಳಕವೂ ಇಂಥದ್ದೇ. ಎಲೆಕೋಸಿನ ರಸ ನೋಡಿದ ಮಗುವಿಗೆ ಒಂದು ಪಾಠ ಸಿಗಬಹುದು, ನಿಂಬೆಹಣ್ಣಿನ ಗುಟ್ಟು ತಿಳಿದ ಮಗು ಅಜ್ಜಿಯ ಓಲೆಯನ್ನೇ ಉಳಿಸಬಹುದು. ಈ ದಾರಿಯಲ್ಲಿ ನಮಗೆ ಹಿರಿಯರೂ ಇದ್ದಾರೆ. ಭೌತವಿಜ್ಞಾನದ ಮೇಷ್ಟ್ರಾಗಿದ್ದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸೋಕೆ ಸಮಿತಿಯನ್ನೇ ಮಾಡಿದ್ರು. ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ವಾರದ ಉಪನ್ಯಾಸಗಳು ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳನ್ನು ಬುಧವಾರ ಸಂಜೆ ಅಲ್ಲಿಗೆ ಕರೆಸಿಕೊಂಡಿವೆ.

ಪ್ರಶಸ್ತಿಗಳ ಬಗ್ಗೆ ಒಂದೆರಡು ಮಾತು. ಸ್ಥಳೀಯ ಶಾಖೆಯ ಪ್ರಶಸ್ತಿ ಅಂದ್ರೆ ಸಣ್ಣದು ಅಂದ್ಕೋಬೇಡಿ. ಶಿಕಾಗೊ ಶಾಖೆ ಕೊಡೋ ವಿಲ್ಲರ್ಡ್ ಗಿಬ್ಸ್ ಪದಕ 1911ರಲ್ಲಿ ಮೊದಲು ಸಂದದ್ದು ಸ್ವಾಂಟೆ ಅರೀನಿಯಸ್‌ಗೆ. ಕೆಮಿಸ್ಟ್ರಿ ಸೈಕಲ್ಲಿನಲ್ಲಿ ಇಂಟರ್ನಲ್ಸ್‌ಗೆ ಓದಿದೆವಲ್ಲ, ಅದೇ ಅರೀನಿಯಸ್ ಸಮೀಕರಣದವರು. 1921ರಲ್ಲಿ ಅದು ಮೇರಿ ಕ್ಯೂರಿಗೆ ಹೋಯ್ತು. ಆದ್ರೆ ನಮಗೆ ಹೆಚ್ಚು ಹಿಡಿಸಿದ್ದು ಬೇರೆಯವು. ಹೈಸ್ಕೂಲಿನ ರಸಾಯನ ಶಿಕ್ಷಕರಿಗೆ ಶಾಖೆಗಳು ಸನ್ಮಾನ ಮಾಡ್ತಾವೆ. 50 ವರ್ಷ ಸದಸ್ಯರಾಗಿದ್ದವರನ್ನು ಕರೆದು ಗೌರವಿಸ್ತಾವೆ. ಚೆನ್ನಾಗಿ ಕೆಲಸ ಮಾಡಿದ ಶಾಖೆಗಳಿಗೇ ಪ್ರತ್ಯೇಕ ಪ್ರಶಸ್ತಿಗಳಿವೆ, ಶಾಲೆಗೆ ಹೋಗಿ ಮೇಜು ಹಾಕಿದ ಕೆಲಸವೂ ಅಲ್ಲಿ ಲೆಕ್ಕಕ್ಕೆ ಬರುತ್ತೆ. ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಫಲಕ ಸಿಗೋದು ಡ್ಯಾನ್ಸ್‌ಗೆ, ಕ್ರಿಕೆಟ್‌ಗೆ, ರ‍್ಯಾಂಕಿಗೆ. ರಾತ್ರಿ ಲ್ಯಾಬ್ ತೆರೆದಿಟ್ಟುಕೊಂಡು ನಮ್ಮ ಜೊತೆ ಕಡ್ಡಿ ನೆನೆಸಿದ ಲ್ಯಾಬ್ ಅಟೆಂಡರ್ ಅಣ್ಣನ ಹೆಸರು ಯಾವ ಪಟ್ಟಿಯಲ್ಲೂ ಇರೋದಿಲ್ಲ. ಈ ವರ್ಷ ಕ್ಲಬ್ಬಿನ ದುಡ್ಡಿನಲ್ಲಿ ಒಂದು ಶಾಲು, ಒಂದು ಪುಸ್ತಕ ಅವರಿಗೆ ಅಂತ ತೀರ್ಮಾನಿಸಿದ್ದೇವೆ. ಆ ಶಾಲೆಯ ವಿಜ್ಞಾನದ ಟೀಚರಿಗೂ ಅಷ್ಟೇ.

28ರ ಕೆಲಸ ಹಂಚಿಕೆ ಹೀಗಿದೆ. ಕಡ್ಡಿ ಮತ್ತು ಬರ್ನರ್ ರಸಾಯನ ವಿಭಾಗದ ಮೇಡಂ ಜೊತೆಗೆ ಮೂರನೇ ವರ್ಷದವರು, ಅರಿಶಿನದ ಕಾಗದ ಮೊದಲ ವರ್ಷದವರು, ದಾಸವಾಳ ಹಾಸ್ಟೆಲ್ ಹುಡುಗಿಯರು (ಗಿಡ ಅವರ ಅಂಗಳದಲ್ಲೇ ಇದೆ). ಪ್ರತಿ ಮೇಜಿನಲ್ಲೂ ಒಬ್ಬರು ಕೈಕೆಲಸಕ್ಕೆ, ಒಬ್ಬರು ಮಾತಿಗೆ, ಇನ್ನೊಬ್ಬರು ಮಕ್ಕಳ ಕಣ್ಣು-ಕೈ ನೋಡಿಕೊಳ್ಳೋಕೆ ಮಾತ್ರ. ಮೂರನೆಯವರು ಫೋನ್ ಹಿಡಿದು ವಿಡಿಯೋ ಮಾಡೋ ಹಾಗಿಲ್ಲ. ಜೊತೆಗೆ ಶಾಲೆಯ ಮಕ್ಕಳಿಗೆ ಸಚಿತ್ರ ಚುಟುಕ ಸ್ಪರ್ಧೆ: ವಿಷಯ 'ನಮ್ಮ ಅಡುಗೆಮನೆಯ ಬಣ್ಣ', 40 ಪದದೊಳಗೆ, ಚಿತ್ರ ಸ್ವಂತ ಕೈಯದ್ದು. ಪ್ರಾಸ ಇಲ್ಲದಿದ್ರೂ ನಡೆಯುತ್ತೆ. ಬಂದ ಚುಟುಕಗಳನ್ನೆಲ್ಲ ಚಿತ್ರದ ಸಮೇತ ಮುಂದಿನ ಸಂಚಿಕೆಯಲ್ಲಿ ಹಾಕ್ತೇವೆ.