ಇಮ್ಯಾನ್ಯುಯೆಲ್ ಸೆಲ್ಲರ್ ಮಹಾಶಯರು

ಅಮೆರಿಕಾದ ಸಂಯುಕ್ತ ಸಂಸ್ಥಾನಗಳಲ್ಲಿ ಕಾಂಗ್ರೆಸ್ಸೆಂಬುದು ಒಂದು ಪಕ್ಷದ ಹೆಸರಲ್ಲ. ದೇಶಕ್ಕೆ ಕಾಯಿದೆಗಳನ್ನು ಮಾಡಿಕೊಡುವ ಮಹಾಸಭೆಯ ಹೆಸರು. ಅದರ ಎರಡು ಅಂಗಗಳಲ್ಲೊಂದಾದ ಪ್ರತಿನಿಧಿ ಸಭೆಯ ಸದಸ್ಯರು ಎರಡು ವರ್ಷಗಳಿಗೊಮ್ಮೆ ಜನರ ಮುಂದೆ ಬಂದು ಮತವನ್ನು ಬೇಡಬೇಕಾಗುವುದು. ಇಂಥ ಚುನಾವಣೆಗಳಲ್ಲಿ 25 ಸಾರಿ ಗೆದ್ದು, 1923 ರಿಂದ 1973 ರ ಆರಂಭದವರೆಗೆ ಆ ಸಭೆಯಲ್ಲಿ ಕುಳಿತವರು ಇಮ್ಯಾನ್ಯುಯೆಲ್ ಸೆಲ್ಲರ್ ಮಹಾಶಯರು.

ಇವರು 1888 ನೆಯ ಇಸವಿ ಮೇ 6 ರಂದು, ಈಗ ನ್ಯೂಯಾರ್ಕ್ ನಗರಕ್ಕೆ ಸೇರಿರುವ ಬ್ರೂಕ್ಲಿನ್ನಿನಲ್ಲಿ, ಒಂದು ಯೆಹೂದ್ಯ ಕುಟುಂಬದಲ್ಲಿ ಜನಿಸಿದರು. ಕಾಲೇಜಿನಲ್ಲಿ ಓದುತ್ತಿದ್ದಾಗಲೇ ತಂದೆತಾಯಿಗಳನ್ನು ಕಳೆದುಕೊಂಡು, ಮನೆಮನೆಗೆ ದ್ರಾಕ್ಷಾರಸವನ್ನು ಮಾರಿ (ಪಾನನಿರೋಧವನ್ನು ಬಯಸುವ ವಾಚಕರು ಮನ್ನಿಸಬೇಕು) ಸಂಸಾರವನ್ನು ಸಾಗಿಸುತ್ತ, 1912 ರಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದರು.

ಅವರು ಸಭೆಯನ್ನು ಸೇರಿದ ಮರುವರ್ಷವೇ, ಎಂದರೆ 1924 ರಲ್ಲಿ, ವಲಸೆಯ ಹೊಸ ಕಾಯಿದೆಯೊಂದು ಬಂದಿತು. 1890 ರಲ್ಲಿ ಅಮೆರಿಕಾದಲ್ಲಿದ್ದ ಒಂದೊಂದು ದೇಶದವರ ಸಂಖ್ಯೆಯಲ್ಲಿ ನೂರಕ್ಕೆ ಇಬ್ಬರಂತೆ ಮಾತ್ರವೇ ಆಯಾ ದೇಶದವರು ವರ್ಷಂಪ್ರತಿ ಬರಬಹುದೆಂಬುದು ಅದರ ಲೆಕ್ಕ. ಹಳೆಯ ಗಣತಿಯನ್ನು ಹಿಡಿದುದರ ಗುಟ್ಟೇನೆಂದರೆ, ಇತ್ತೀಚೆಗೆ ಬಂದ ಇಟಲಿಯವರನ್ನೂ ಯೆಹೂದ್ಯರನ್ನೂ ಹೊರಗಿಡುವುದು. ಏಷ್ಯಾ ಖಂಡದವರಿಗಂತೂ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಹಿಂದೂದೇಶದವರು 'ಬಿಳಿಯರಲ್ಲ'ವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1923 ರಲ್ಲಿ ತೀರ್ಪಿತ್ತಿತ್ತು. ಹೊಸ ಸದಸ್ಯರಾದ ಸೆಲ್ಲರ್ ಮಹಾಶಯರು ಈ ಮಸೂದೆಯನ್ನು ವಿರೋಧಿಸಿ ಮಾತನಾಡಿ ಸೋತರು. ಆದರೆ ಆ ಮಾತನ್ನು 41 ವರ್ಷ ಬಿಡಲಿಲ್ಲ.

1946 ರಲ್ಲಿ ಕ್ಲೇರ್ ಬೂತ್ ಲೂಸ್ ಎಂಬ ಮಹಿಳಾ ಸದಸ್ಯರೊಡನೆ ಕೂಡಿ, ಭಾರತೀಯರಿಗೂ ಫಿಲಿಪ್ಪೀನ್ ದ್ವೀಪದವರಿಗೂ ಪೌರತ್ವದ ಹಕ್ಕನ್ನು ಕೊಡಿಸಿದರು. ವಲಸೆಗೆ ಅವಕಾಶವಾದದ್ದು ವರ್ಷಕ್ಕೆ 100 ಮಂದಿ ಭಾರತೀಯರಿಗೆ. ನೂರು! ಒಂದು ಶಾಲೆಯ ಎರಡು ಮೂರು ತರಗತಿಗಳ ಮಕ್ಕಳ ಲೆಕ್ಕ. ಆದರೂ ಇದರಿಂದ ಪೌರರಾದ ದಲೀಪ್ ಸಿಂಗ್ ಸೌಂದರು 1956 ರಲ್ಲಿ ಅದೇ ಪ್ರತಿನಿಧಿ ಸಭೆಗೆ ಆರಿಸಲ್ಪಟ್ಟರು. ಕಡೆಗೆ 1965 ರಲ್ಲಿ, ಸೆಲ್ಲರ್ ಮಹಾಶಯರ ಹೆಸರನ್ನೂ ಹೊತ್ತ ಕಾಯಿದೆಯು ದೇಶವಾರು ಪಾಲಿನ ಆ ಹಳೆಯ ಪದ್ಧತಿಯನ್ನೇ ತೆಗೆದುಹಾಕಿತು. ಕನ್ನಡನಾಡಿನ ವೈದ್ಯರೂ ಇಂಜಿನಿಯರರೂ ಆ ಬಳಿಕ ಅಲ್ಲಿ ಸಂಸಾರಸಮೇತ ನೆಲಸಲು ಸಾಧ್ಯವಾದದ್ದು ಇದರಿಂದಲೇ.

ನೀಗ್ರೋ ಜನರಿಗೆ ಸಮಾನ ಹಕ್ಕುಗಳನ್ನು ಕೊಟ್ಟ 1964 ರ ಕಾಯಿದೆಯನ್ನು ಪ್ರತಿನಿಧಿ ಸಭೆಯಲ್ಲಿ ಮಂಡಿಸಿದವರೂ ಇವರೇ. ಆದರೆ ಉದ್ಯೋಗದಲ್ಲಿ ಸ್ತ್ರೀಪುರುಷ ಭೇದವೂ ಕೂಡದೆಂದು ಅದರಲ್ಲಿ ಸೇರಿಸಹೊರಟಾಗ ಇವರು ವಿರೋಧಿಸಿದರು! ಸ್ತ್ರೀಸಮಾನತೆಯ ಸಂವಿಧಾನ ತಿದ್ದುಪಡಿಯನ್ನು ತಮ್ಮ ಅಧ್ಯಕ್ಷತೆಯ ನ್ಯಾಯ ಸಮಿತಿಯಲ್ಲಿ ಅನೇಕ ವರ್ಷ ತಡೆದಿಟ್ಟರು. ದುಡಿಯುವ ಸ್ತ್ರೀಯರಿಗಿದ್ದ ರಕ್ಷಣೆಯ ಕಾಯಿದೆಗಳು ಇದರಿಂದ ಬಿದ್ದುಹೋಗುವುವೆಂಬುದು ಅವರ ಭಯ. ಭಯವು ಪೂರಾ ನಿರಾಧಾರವಾದುದಲ್ಲ. ಆದರೆ ಅಹವಾಲು ಸಭೆಯ ಕಿವಿಗೇ ಬೀಳದಂತೆ ಮಾಡುವುದು, ಪರರಿಗಾಗಿ ಅಷ್ಟು ವಾದಿಸಿದವರಿಗೆ ಒಪ್ಪುವ ಕೆಲಸವಲ್ಲ. 1970 ರಲ್ಲಿ ಶ್ರೀಮತಿ ಮಾರ್ಥಾ ಗ್ರಿಫಿತ್ಸರು ಸಭೆಯ ಬಹುಮತದ ಸಹಿಗಳನ್ನು ಕೂಡಿಸಿ ಆ ತಿದ್ದುಪಡಿಯನ್ನು ಸಮಿತಿಯಿಂದ ಹೊರಕ್ಕೆ ತಂದರು.

1972 ರಲ್ಲಿ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ, 84 ವರ್ಷದ ಸೆಲ್ಲರ್ ಮಹಾಶಯರಿಗೆ ಎದುರಾಗಿ ಕುಮಾರಿ ಎಲಿಜಬೆತ್ ಹೋಲ್ಟ್ಸ್‌ಮನ್ನರೆಂಬ 30 ವರ್ಷದ ವಕೀಲೆ ನಿಂತರು. ಆಕೆ ಎತ್ತಿದ ಆಕ್ಷೇಪಗಳಲ್ಲಿ ಸ್ತ್ರೀಸಮಾನತೆಯ ತಿದ್ದುಪಡಿಯ ವಿಷಯವೂ ಒಂದು. ಕೆಲವು ನೂರು ಮತಗಳಿಂದ ಆಕೆಯೇ ಗೆದ್ದರು. ವೃದ್ಧರು ನಿವೃತ್ತರಾಗಿ 1981 ರಲ್ಲಿ ಬ್ರೂಕ್ಲಿನ್ನಿನಲ್ಲಿಯೇ ತೀರಿಕೊಂಡರು. ಹೋಲ್ಟ್ಸ್‌ಮನ್ನರಿಗೆ ದೊರೆತದ್ದು ಅದೇ ನ್ಯಾಯ ಸಮಿತಿಯಲ್ಲಿ ಸ್ಥಾನ. 1974 ರಲ್ಲಿ ಅಧ್ಯಕ್ಷ ನಿಕ್ಸನ್ನರ ಮೇಲಿನ ಆರೋಪಗಳನ್ನು ವಿಚಾರಿಸಿದ ಸದಸ್ಯರಲ್ಲಿ ಆಕೆಯೂ ಒಬ್ಬರು.