ಕಥೆ ಶುರುವಾಗಿದ್ದು ಎಲ್ಲಿಂದ?

ಸಿನಿಮಾ ಮುಗಿದು ದೀಪ ಹತ್ತಿದ ಕೂಡಲೇ ‘ಹೇಗಿತ್ತು?’ ಎಂದು ಕೇಳಬಾರದು. ಕೇಳಿದರೆ ‘ಚೆನ್ನಾಗಿತ್ತು’ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಕರೆದು ಕೂರಿಸಿ ಚಾ ಕೊಟ್ಟವರ ಮುಖಕ್ಕೆ ‘ಚೆನ್ನಾಗಿರಲಿಲ್ಲ’ ಎನ್ನುವ ರೂಢಿ ನಮ್ಮ ಕಡೆ ಇಲ್ಲ. ಹೈಸ್ಕೂಲಿನ ವಿಜ್ಞಾನದ ಪಾಠದಿಂದ ನಿವೃತ್ತಳಾಗಿ, ಬೇಸಿಗೆ ರಜೆಯಲ್ಲಿ ಸಾಗರದ ನಮ್ಮ ಬೀದಿಯ ಮಕ್ಕಳಿಗೆ ಸಿನಿಮಾ ತೋರಿಸುವ ಕೆಲಸ ಹಚ್ಚಿಕೊಂಡ ಮೇಲೆ ನಾನು ಕಲಿತ ಮೊದಲ ಪಾಠ ಇದು. ಉಳಿದವನ್ನು ಹೆಚ್ಚಾಗಿ ಕಲಿಸಿದ್ದು ಒಂದೇ ಸಿನಿಮಾ: ‘ಅಪ್’.

ಸಾಗರದ ಸೀಮೆಗೆ ಸಿನಿಮಾ ನೋಡಿ ಮಾತಾಡುವುದು ಹೊಸದೇನಲ್ಲ. ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಮತ್ತು ನೀನಾಸಂ ಬಳಗ 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ನಡುವಿನ ಜನರಿಗೆ ಜಗತ್ತಿನ ಸಿನಿಮಾ ತೋರಿಸಿದ್ದರು. ನಮ್ಮದು ಅಷ್ಟು ದೊಡ್ಡ ಹಂಬಲವಲ್ಲ. ಮಕ್ಕಳು ಮೊಬೈಲು ಬದಿಗಿಟ್ಟು ಒಂದೆರಡು ಗಂಟೆ ಒಟ್ಟಿಗೆ ಕೂರಲಿ ಎಂಬಷ್ಟೇ. ಆದರೆ ಮಕ್ಕಳನ್ನು ಕರೆದುಕೊಂಡು ಬರುವವರು ಅಜ್ಜ ಅಜ್ಜಿಯರು, ಬಿಡುವಿದ್ದರೆ ಅಮ್ಮಂದಿರು. ಹಾಗಾಗಿ ಮಕ್ಕಳ ಸಿನಿಮಾ ಎಂದು ಹಾಕಿದ್ದಕ್ಕೆ ಮೂರು ತಲೆಮಾರಿನವರು ಪ್ರೇಕ್ಷಕರಾದರು.

‘ಅಪ್’ 2009ರಲ್ಲಿ ಬಂದ ಪಿಕ್ಸಾರ್ ಸಂಸ್ಥೆಯ ಹತ್ತನೆಯ ಕಥಾಚಿತ್ರ. ನಿರ್ದೇಶಕ ಪೀಟ್ ಡಾಕ್ಟರ್, ಸಹನಿರ್ದೇಶಕ ಬಾಬ್ ಪೀಟರ್ಸನ್. ಆ ವರ್ಷದ ಕಾನ್ ಚಿತ್ರೋತ್ಸವ ಇದರಿಂದಲೇ ಶುರುವಾಯಿತು. ಅನಿಮೇಷನ್ ಚಿತ್ರವೊಂದಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಕಥೆ ಸರಳ. ಹೆಂಡತಿ ಎಲ್ಲಿಯನ್ನು ಕಳೆದುಕೊಂಡ 78ರ ಮುದುಕ ಕಾರ್ಲ್ ಫ್ರೆಡ್ರಿಕ್ಸನ್ ತನ್ನ ಮನೆಗೆ ಸಾವಿರಾರು ಬಲೂನು ಕಟ್ಟಿ, ಮನೆಯನ್ನೇ ಹಾರಿಸಿಕೊಂಡು ದಕ್ಷಿಣ ಅಮೆರಿಕದ ಪ್ಯಾರಡೈಸ್ ಫಾಲ್ಸ್ ಎಂಬ ಜಲಪಾತಕ್ಕೆ ಹೊರಡುತ್ತಾನೆ. ಅದು ದಂಪತಿಯ ಬಾಲ್ಯದ ಕನಸು. ಮುದುಕರಿಗೆ ನೆರವಾಗಿ ಬ್ಯಾಡ್ಜು ಗಿಟ್ಟಿಸಲು ಬಾಗಿಲು ತಟ್ಟಿದ್ದ ರಸೆಲ್ ಎಂಬ ಹುಡುಗ ಗೊತ್ತಿಲ್ಲದೆ ಜೊತೆಗೆ ಸೇರಿಕೊಳ್ಳುತ್ತಾನೆ. ಮುಂದೆ ಒಂದು ವಿಚಿತ್ರ ಹಕ್ಕಿ, ಕೊರಳಪಟ್ಟಿಯ ಯಂತ್ರದ ಮೂಲಕ ಮಾತಾಡುವ ನಾಯಿಗಳು, ಒಬ್ಬ ಖಳ.

ಸಿನಿಮಾದ ಜಲಪಾತ ಕಲ್ಪನೆಯದು. ಅದಕ್ಕೆ ಮಾದರಿ ವೆನೆಜುವೆಲಾದ ಏಂಜೆಲ್ ಜಲಪಾತ. ಪಿಕ್ಸಾರ್ ಕಲಾವಿದರು ತೆಪುಯಿ ಎಂಬ ಅಲ್ಲಿನ ಚಪ್ಪಟೆ ನೆತ್ತಿಯ ಬೆಟ್ಟಗಳನ್ನು ಹತ್ತಿ, ಬಂಡೆ ಗಿಡಗಳನ್ನು ನೋಡಿ ಬಂದು ಚಿತ್ರ ಬರೆದರು. ಏಂಜೆಲ್‌ನ ಎತ್ತರ 979 ಮೀಟರ್, ನಮ್ಮ ಜೋಗದ್ದು 253. ಇದನ್ನು ಹೇಳಿದಾಗ ಆರನೇ ಕ್ಲಾಸಿನ ಹುಡುಗನೊಬ್ಬ, “ಆದ್ರೂ ಟೀಚರ್, ಜೋಗಕ್ಕೆ ನಾಲ್ಕು ಕವಲಿದೆ” ಎಂದ. ಅಷ್ಟು ಸುಲಭಕ್ಕೆ ಬಿಟ್ಟುಕೊಡುವ ಊರಲ್ಲ ನಮ್ಮದು.

ನಾವು ಹಾಕಿದ್ದು ಇಂಗ್ಲಿಷ್ ಪ್ರತಿ. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಅಘೋಷಿತ ತಡೆಯಿತ್ತು. ಅದರ ಪರ ವಿರೋಧ ಏನೇ ಇರಲಿ, ಹೊರಗಿನ ಮಕ್ಕಳ ಸಿನಿಮಾಗಳನ್ನು ಒಂದು ತಲೆಮಾರು ಕನ್ನಡದಲ್ಲಿ ಕೇಳಲೇ ಇಲ್ಲ. ಹಾಗಾಗಿ ಪರದೆಯ ಪಕ್ಕ ನಿಂತು ಬೇಕಾದಲ್ಲಿ ಎರಡು ಮಾತು ಹೇಳುವುದು ನನ್ನ ಪಾಲಿಗೆ ಬಂತು. ‘ಅಪ್’ನ ಆರಂಭದಲ್ಲಿ ಅದರ ಅಗತ್ಯವೇ ಬೀಳಲಿಲ್ಲ. ಕಾರ್ಲ್ ಮತ್ತು ಎಲ್ಲಿಯ ಮದುವೆಯಿಂದ ಅವಳ ಸಾವಿನವರೆಗಿನ ಇಡೀ ಸಂಸಾರವನ್ನು ಚಿತ್ರ ನಾಲ್ಕೈದು ನಿಮಿಷದಲ್ಲಿ, ಮಾತಿಲ್ಲದೆ, ಮೈಕಲ್ ಜಿಯಾಕಿನೊ ಅವರ ಸಂಗೀತದ ಮೇಲೆ ಹೇಳಿ ಮುಗಿಸುತ್ತದೆ. ಗಂಡ ಹೆಂಡತಿ ಪ್ರವಾಸಕ್ಕೆಂದು ಗಾಜಿನ ಭರಣಿಯಲ್ಲಿ ಕಾಸು ಕೂಡಿಡುತ್ತಾರೆ. ಒಮ್ಮೆ ಕಾರಿನ ಚಕ್ರ ಪಂಕ್ಚರ್, ಒಮ್ಮೆ ಕಾಲಿಗೆ ಪ್ಲಾಸ್ಟರು, ಒಮ್ಮೆ ಮಾಡಿನ ಮೇಲೆ ಮರ. ಪ್ರತಿಸಲವೂ ಭರಣಿ ಒಡೆಯುತ್ತದೆ. ಮಾಡಿನ ಮೇಲೆ ಮರ ಬಿದ್ದಾಗ ಹಿಂದಿನ ಸಾಲಿನಿಂದ “ಹೋಯ್ತು!” ಎಂಬ ಉದ್ಗಾರ ಬಂತು. ಮಳೆಗಾಲ ಕಂಡ ಮಲೆನಾಡಿನವರಿಗೆ ಆ ಖರ್ಚಿನ ಲೆಕ್ಕವನ್ನು ಯಾರೂ ವಿವರಿಸಬೇಕಿಲ್ಲ.

ಹುಡುಗರಿಗೆ ಕಾಲು ಚಾಚಲು ಬೇಕೆಂದು ನಡುವೆ ವಿರಾಮ ಕೊಡುತ್ತೇವೆ. ಪ್ರಾಮಾಣಿಕ ಅಭಿಪ್ರಾಯ ಸಿಗುವುದು ಆಗಲೇ. ಮುಗಿದ ಮೇಲೆ ಜನ ತೀರ್ಪು ಕೊಡುತ್ತಾರೆ, ನಡುವೆ ಹೊಟ್ಟೆಯಲ್ಲಿದ್ದದ್ದನ್ನು ಹೇಳುತ್ತಾರೆ. ಅವತ್ತು ಚಾ ಲೋಟದ ಸುತ್ತ ಎರಡು ಪಕ್ಷಗಳೇ ಆದವು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, “ಮೊದಲ ಹತ್ತು ನಿಮಿಷ ಸಿನಿಮಾ, ಆಮೇಲೆ ಬರೀ ಗಲಾಟೆ. ನಾಯಿ ಮಾತಾಡೋದು ಎಂತಕ್ಕೆ ಮಾರಾಯ್ರೇ?” ಎಂದರು. ಅವರ ಮೊಮ್ಮಗಳು, ನಾಲ್ಕನೇ ಕ್ಲಾಸಿನವಳು, “ಅಜ್ಜ, ಶುರುಲಿ ಬೋರು. ನಾಯಿ ಬಂದ್ಮೇಲೇ ಚೊಲೋ ಆಗಿದ್ದು” ಎಂದಳು. ನಾಯಿಗಳ ದಂಡಿನ ನಾಯಕ ಆಲ್ಫಾನ ಕೊರಳಪಟ್ಟಿ ಕೆಟ್ಟು ಗಂಡುದನಿ ಕೀರಲಾದ ಕ್ಷಣವನ್ನು ಆಗಲೇ ಹುಡುಗರು ಅಂಗಳದಲ್ಲಿ ಅಭಿನಯಿಸುತ್ತಿದ್ದರು.

ಮೊದಲ ಭಾಗ ಅಪೂರ್ವ, ಉಳಿದದ್ದು ಮಕ್ಕಳಾಟ: ಈ ಚಿತ್ರದ ಬಗ್ಗೆ ಹಿರಿಯರ ಬಾಯಲ್ಲಿ ಬಹಳ ಸಲ ಕೇಳಿಬರುವ ದೂರು ಇದು. ಯಾರು ಸರಿ ಎಂದು ನ್ಯಾಯ ಹೇಳುವ ಬದಲು ನಾನು ಬೇರೆ ಪ್ರಶ್ನೆ ಹಾಕಿದೆ: “ನಿಮ್ಮ ಪ್ರಕಾರ ಕಥೆ ಶುರುವಾಗಿದ್ದು ಎಲ್ಲಿಂದ?”

ಉತ್ತರಗಳು ಬೇರೆ ಬೇರೆ ಬಂದವು. ಅಜ್ಜನಿಗೆ ಕಥೆ ಶುರುವಾಗಿದ್ದು ಬಾಲಕ ಕಾರ್ಲ್, ಬಾಲಕಿ ಎಲ್ಲಿ ಪಾಳುಮನೆಯಲ್ಲಿ ಭೇಟಿಯಾದಾಗ. ಮೊಮ್ಮಗಳಿಗೆ ಮನೆ ಬುಡ ಕಿತ್ತುಕೊಂಡು ಮೇಲೆದ್ದಾಗ. ಅಪ್ಪ ದೂರದ ಊರಿನಲ್ಲಿ ಕೆಲಸದಲ್ಲಿರುವ ಒಬ್ಬ ಹುಡುಗ ಮಾತ್ರ, “ರಸೆಲ್ ಬಾಗಿಲು ತಟ್ಟಿದಾಗ” ಎಂದ. ಆಗ ನನಗೆ ಜಗಳದ ಗುಟ್ಟು ತಿಳಿಯಿತು. ಅಜ್ಜ ಎಲ್ಲಿಯ ಜೊತೆ ಕೂತಿದ್ದರು, ಅವಳು ಹೋದ ಮೇಲೆ ಅವರಿಗೆ ಪರದೆಯ ಮೇಲೆ ತಮ್ಮವರೆಂಬವರು ಉಳಿಯಲಿಲ್ಲ. ಮೊಮ್ಮಗಳಿಗೆ ತನ್ನವರು ಬಂದದ್ದೇ ಆಮೇಲೆ. ಕುಟುಂಬ ಸಮೇತ ನೋಡುವ ಸಿನಿಮಾ ಎಂದರೆ ಎಲ್ಲರೂ ಒಂದೇ ಸಿನಿಮಾ ನೋಡುತ್ತಾರೆ ಎಂದಲ್ಲ. ಒಬ್ಬೊಬ್ಬರು ಒಬ್ಬೊಬ್ಬ ಪಾತ್ರದ ಕೈಹಿಡಿದು ಹೊರಡುತ್ತಾರೆ, ಆ ಪಾತ್ರ ಎಲ್ಲಿ ಕೈಬಿಟ್ಟಿತೋ ಅಲ್ಲಿಂದ ದೂರು ಶುರು. ಅಭಿಪ್ರಾಯ ಕೇಳುವವರಿಗೆ ದೂರಿಗಿಂತ ಅದು ಹುಟ್ಟಿದ ಜಾಗ ಮುಖ್ಯ.

ವಿರಾಮದ ನಂತರ ಅಜ್ಜ ಅಜ್ಜಿಯರ ಮೇಲೂ ಕಣ್ಣಿಟ್ಟಿದ್ದೆ. ಗುರಿ ಮುಟ್ಟಿದ ಮೇಲೆ ಕಾರ್ಲ್ ಒಬ್ಬನೇ ಕೂತು ಎಲ್ಲಿಯ ಹಳೆಯ ಸಾಹಸದ ಪುಸ್ತಕ ತೆರೆಯುತ್ತಾನೆ. ಮುಂದೆ ಮಾಡಬೇಕಾದ ಸಾಹಸಗಳಿಗೆ ಅವಳು ಬಿಟ್ಟಿದ್ದ ಹಾಳೆಗಳು ಖಾಲಿ ಎಂದೇ ಅವನ ನಂಬಿಕೆ. ನೋಡಿದರೆ ಅವುಗಳ ತುಂಬ ಇಬ್ಬರ ಸಂಸಾರದ ಫೋಟೊಗಳು. ಅವಳ ಲೆಕ್ಕದಲ್ಲಿ ಸಾಹಸ ಎಂದೋ ನಡೆದುಹೋಗಿತ್ತು. ಇದಾದ ಮೇಲೇ ಅವನು ರಸೆಲ್‌ನನ್ನು ಕಾಪಾಡಲು ಮನೆಯ ಭಾರ ಇಳಿಸುತ್ತಾನೆ: ಕುರ್ಚಿ, ಕಪಾಟು, ಚಿತ್ರಪಟ, ಸಾಮಾನೆಲ್ಲ ಹೊರಗೆ. ಹುಡುಗರು ಚಪ್ಪಾಳೆ ಹೊಡೆದರು. ಅಜ್ಜಿಯೊಬ್ಬರು ಮಾತ್ರ ಮುಂದಕ್ಕೆ ಬಾಗಿ, “ಅಯ್ಯೋ, ಗಟ್ಟಿಮುಟ್ಟಾದ ಸಾಮಾನು!” ಎಂದರು. ಮುಗಿದ ಮೇಲೆ ಅವರೇ ಹೇಳಿದ್ದು: “ಎಲ್ಲ ಎಸೆದ. ಆ ಎರಡು ಕುರ್ಚಿ ಮಾತ್ರ ಬಂಡೆ ಮೇಲೆ ಒಟ್ಟಿಗೇ ಇತ್ತು, ನೋಡಿದ್ರಾ?” ನಿಜ. ಗಂಡ ಹೆಂಡತಿ ಜೀವನವಿಡೀ ಕೂರುತ್ತಿದ್ದ ಆ ಎರಡು ಕುರ್ಚಿಗಳು ಬೆಟ್ಟದ ಮೇಲೆ ಪಕ್ಕಪಕ್ಕದಲ್ಲೇ ಉಳಿಯುತ್ತವೆ. ಹಲವು ಸಲ ನೋಡಿದ್ದರೂ ನನ್ನ ಕಣ್ಣು ಹಾರುವ ಮನೆಯ ಮೇಲೇ ಇರುತ್ತಿತ್ತು. ಮನೆ ಖಾಲಿ ಮಾಡಿ ಗೊತ್ತಿದ್ದವರ ಕಣ್ಣು ಸಾಮಾನಿನ ಮೇಲಿರುತ್ತದೆ. ನಾಯಿ ಗದ್ದಲದ ಭಾಗ ಎಂದು ಹಿರಿಯರು ತಳ್ಳಿಹಾಕುವ ಭಾಗದಲ್ಲೇ ಅವರಿಗೆಂದು ಇಟ್ಟದ್ದೂ ಇದೆ.

ಎಲ್ಲ ಆಕ್ಷೇಪಗಳೂ ಈ ಜಾತಿಯವಲ್ಲ. ಎಂಟನೇ ಕ್ಲಾಸಿನವನೊಬ್ಬ, “ಬಲೂನಿಂದ ಮನೆ ಏಳೋದು ಸುಳ್ಳು” ಎಂದ. ಇದು ಲೆಕ್ಕ ಹಾಕಿ ಉತ್ತರಿಸುವಂಥದ್ದು. ಬೋರ್ಡಿನ ಮೇಲೆ ಬರೆದೆವು. ಹೀಲಿಯಂ ತುಂಬಿದ ಮಾಮೂಲಿ ಬಲೂನು ಸುಮಾರು 10 ಗ್ರಾಂ ಎತ್ತಿದರೆ ಒಂದು ಕಿಲೋಗೆ 100 ಬೇಕು, ಒಂದು ಟನ್ನಿಗೆ 1 ಲಕ್ಷ. ಮರದ ಮನೆ 40 ಟನ್ ಎಂದಿಟ್ಟುಕೊಂಡರೆ 40 ಲಕ್ಷ ಬಲೂನು. ಮನೆ ಮೇಲೇಳುವ ದೃಶ್ಯಕ್ಕೆ ಚಿತ್ರ ತಂಡ ಮಾಡಿದ್ದು 20,000 ಚಿಲ್ಲರೆ. ಹುಡುಗ ಗೆದ್ದ. ಆದರೆ 2011ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಯವರು ಕ್ಯಾಲಿಫೋರ್ನಿಯಾದಲ್ಲಿ ಇಂಥದೇ ಹಗುರ ಮನೆ ಕಟ್ಟಿ, 300 ದೊಡ್ಡ ಹವಾಮಾನ ಬಲೂನುಗಳಿಂದ 10,000 ಅಡಿಗೂ ಮೇಲಕ್ಕೆ ಹಾರಿಸಿದ್ದರು ಎಂದೆ. ಅವನು ತಕ್ಷಣ ಕೇಳಿದ: “ಅದರಲ್ಲಿ ಸಾಮಾನಿತ್ತಾ?” ‘ಸುಳ್ಳು’ ಎನ್ನುವವನು ಸಿನಿಮಾವನ್ನು ಲೆಕ್ಕಕ್ಕೆ ತೆಗೆದುಕೊಂಡಿರುತ್ತಾನೆ. ಅವನ ಬಾಯಿ ಮುಚ್ಚಿಸದೆ ಸೀಮೆಸುಣ್ಣ ಕೊಡುವುದು ಲೇಸು.

ಕಷ್ಟದ ಅಭಿಪ್ರಾಯ ಬಂದದ್ದು ಒಬ್ಬ ತಾಯಿಯಿಂದ. ಆರಂಭದ ಆ ಮೂಕ ದೃಶ್ಯಗಳಲ್ಲಿ ದಂಪತಿ ಮಗುವಿಗಾಗಿ ಕೋಣೆ ಸಿಂಗರಿಸುತ್ತಾರೆ. ಮರುಗಳಿಗೆ ವೈದ್ಯರ ಮುಂದೆ ಎಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾಳೆ. “ಮಕ್ಕಳ ಸಿನಿಮಾದಲ್ಲಿ ಇದು ಬೇಕಿತ್ತಾ? ಮಗಳು ಕೇಳಿದ್ರೆ ನಾನೇನು ಹೇಳಲಿ?” ಎಂದರು ಆಕೆ. ಮಗಳು ಆ ದೃಶ್ಯದ ಬಗ್ಗೆ ಕೇಳಿದ್ದು ಒಂದೇ: “ಅವಳಿಗೆ ಯಾಕೆ ಬೇಜಾರು?” ಅಮ್ಮ, “ಪಾಪು ಬರಲಿಲ್ಲ, ಅದಕ್ಕೆ” ಎಂದರು. ಮಗುವಿಗೆ ಅಷ್ಟು ಸಾಕಾಯಿತು. ದೊಡ್ಡವರು ಹೆದರುವ ಪ್ರಶ್ನೆಯನ್ನೇ ಮಕ್ಕಳು ಕೇಳಬೇಕೆಂದಿಲ್ಲ. ಕೇಳಿದಷ್ಟಕ್ಕೆ ನಿಜ ಹೇಳಿದರೆ ಮುಂದಕ್ಕೆ ಹೋಗುತ್ತಾರೆ. ಹಾಗೆಂದು ಆ ತಾಯಿಯ ಮಾತು ತಳ್ಳಿಹಾಕುವಂಥದ್ದಲ್ಲ. ಆ ದೃಶ್ಯ ನೋಯಿಸಿದ್ದು ಮಗುವನ್ನಲ್ಲದಿದ್ದರೂ ಸಭೆಯಲ್ಲಿ ಯಾರನ್ನೋ ನೋಯಿಸಬಹುದು. ಈಗ ಇಂಥ ದೃಶ್ಯ ಇದ್ದರೆ ದೊಡ್ಡವರಿಗೆ ಮೊದಲೇ ಒಂದು ಮಾತು ಹೇಳಿಡುತ್ತೇನೆ.

ಖಳ ಚಾರ್ಲ್ಸ್ ಮಂಟ್ಜ್ ಬಗ್ಗೆ ಕಾಲೇಜಿನ ಹುಡುಗಿಯೊಬ್ಬಳು ಹೇಳಿದ್ದು ನನಗೆ ಬಹಳ ಹಿಡಿಸಿತು. ಅವನು ತಂದ ಹಕ್ಕಿಯ ಅಸ್ಥಿಪಂಜರ ನಕಲಿ ಎಂದು ವಿಜ್ಞಾನಿಗಳು ಹೇಳಿದ್ದಕ್ಕೆ, ಜೀವಂತ ಹಕ್ಕಿ ಹಿಡಿದೇ ಬರುತ್ತೇನೆಂದು ಹೋದವನು ಮುಪ್ಪಿನವರೆಗೂ ಕಾಡಿನಲ್ಲೇ ಉಳಿದವನು ಆತ. “ಕಾರ್ಲ್ ಆ ಸಾಮಾನು ಎಸೀದೇ ಇದ್ದಿದ್ರೆ ಹೀಗೇ ಆಗ್ತಿದ್ದ” ಎಂದಳು. ಖಳ ಬೇಡವಿತ್ತು ಎನ್ನುವವರು ಹಲವರು. ಅವನು ನಾಯಕನ ಇನ್ನೊಂದು ಹಣೆಬರಹ ಎಂದು ಕಂಡವಳು ಅವಳೊಬ್ಬಳೇ. ಬಹುಮತಕ್ಕೆ ಕಿವಿಗೊಟ್ಟು ಕೂತಿದ್ದರೆ ಈ ಮಾತು ಕೇಳುತ್ತಿರಲಿಲ್ಲ.

ಪ್ರಶಸ್ತಿಗಳೂ ಒಂದು ಬಗೆಯ ಅಭಿಪ್ರಾಯವೇ. ‘ಅಪ್’ಗೆ ಅತ್ಯುತ್ತಮ ಅನಿಮೇಷನ್ ಚಿತ್ರ ಮತ್ತು ಸಂಗೀತದ ಆಸ್ಕರ್ ಬಂದವು. ಅತ್ಯುತ್ತಮ ಚಿತ್ರದ ಪಟ್ಟಿಗೂ ಸೇರಿತು, ಅನಿಮೇಷನ್‌ನಲ್ಲಿ 1991ರ ‘ಬ್ಯೂಟಿ ಅಂಡ್ ದ ಬೀಸ್ಟ್’ ಬಿಟ್ಟರೆ ಅದುವರೆಗೆ ಬೇರಾವುದಕ್ಕೂ ಆ ಭಾಗ್ಯವಿರಲಿಲ್ಲ. ಇದನ್ನು ಸಿನಿಮಾಕ್ಕೆ ಮುಂಚೆ ಹೇಳಬಾರದು ಎಂಬುದೂ ನನ್ನ ಪಾಠಗಳಲ್ಲೊಂದು. ಹೇಳಿದರೆ ಅರ್ಧ ಜನ ಮೆಚ್ಚಲೇಬೇಕು ಎಂದು ಕೂರುತ್ತಾರೆ, ಉಳಿದರ್ಧ ಇದರಲ್ಲಿ ಅಂಥದ್ದೇನಿದೆ ನೋಡೇಬಿಡೋಣ ಎಂದು. ಹತ್ತಕ್ಕೆ ಇಷ್ಟು ಎಂಬ ಅಂಕ ಕೇಳುವುದನ್ನೂ ಬಿಟ್ಟಿದ್ದೇನೆ. ಅಜ್ಜನ ಐದು, ಮೊಮ್ಮಗಳ ಒಂಬತ್ತು ಸೇರಿಸಿ ಸರಾಸರಿ ತೆಗೆದರೆ ಏಳು ಬರುತ್ತದೆ. ಏಳು ಎಂದು ಅನ್ನಿಸಿದವರು ಅಲ್ಲಿ ಯಾರೂ ಇರಲಿಲ್ಲ.

ಬದಲಿಗೆ ಈಗ ಮೂರೇ ಪ್ರಶ್ನೆ: ಕಥೆ ಎಲ್ಲಿ ಶುರುವಾಯಿತು? ಯಾರು ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು? ಯಾವ ದೃಶ್ಯವನ್ನು ಮನೆಯಲ್ಲಿ ಇನ್ನೊಬ್ಬರಿಗೆ ಹೇಳುತ್ತೀರಿ? ಮೂರನೆಯದಕ್ಕೆ ‘ಅಪ್’ ನೋಡಿದ ಮಕ್ಕಳಲ್ಲಿ ಹಲವರು ಹೇಳಿದ್ದು ನಾಯಿಯನ್ನಲ್ಲ, ಹಾರುವ ಮನೆಯನ್ನೂ ಅಲ್ಲ. ಐಸ್‌ಕ್ರೀಂ ಅಂಗಡಿ ಮುಂದೆ ಕೂತು ಅಪ್ಪನ ಜೊತೆ ಕೆಂಪು ಕಾರು, ನೀಲಿ ಕಾರು ಎಣಿಸುತ್ತಿದ್ದುದನ್ನು ರಸೆಲ್ ನೆನೆಯುತ್ತಾನಲ್ಲ, ಕೊನೆಗೆ ಕಾರ್ಲ್ ಅವನ ಜೊತೆ ಅಲ್ಲೇ ಕೂತು ಎಣಿಸುತ್ತಾನಲ್ಲ, ಅದನ್ನು. ಮಾರನೆಯ ದಿನ ನಮ್ಮ ಬೀದಿಯ ಕಟ್ಟೆ ಮೇಲೆ ಎಣಿಕೆ ನಡೆದಿತ್ತು. ಕೆಂಪಿಗೆ ಗೆಲುವು, ಯಾಕೆಂದರೆ ಸರ್ಕಾರಿ ಬಸ್ಸನ್ನೂ ಸೇರಿಸಿಕೊಂಡಿದ್ದರು.

ಬ್ಯಾಂಕಿನ ಹಿರಿಯರ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಕುರ್ಚಿಗಳ ಮಾತು ಒಪ್ಪುತ್ತಾರೆ, ನಾಯಿಗಳು ವಿಮಾನ ಓಡಿಸುವುದನ್ನು ಸುತರಾಂ ಒಪ್ಪುವುದಿಲ್ಲ. ಒಪ್ಪಿಸುವ ಉಮೇದು ನನಗೂ ಇಲ್ಲ. ಎಲ್ಲರೂ ಒಂದೇ ಮಾತಿಗೆ ಬಂದರೆ ಚಾ ಹೊತ್ತಿನಲ್ಲಿ ಮಾತಾಡುವುದೇನು? ಹೊಸ ಸಿನಿಮಾ ಹಾಕುತ್ತೇನೆಂದು ತಿಳಿದಾಗೆಲ್ಲ ಅವರು ಗೇಟಿನ ಹತ್ತಿರ ನಿಂತು ಮೊದಲು ಒಂದು ವಿಷಯ ವಿಚಾರಿಸುತ್ತಾರೆ: “ಟೀಚರೇ, ಇದರಲ್ಲಿ ನಾಯಿ ಇದೆಯಾ?” ಇದೆ ಎಂದರೂ ಬರುತ್ತಾರೆ. ಮೊಮ್ಮಗಳು ಬಿಡಬೇಕಲ್ಲ.