ಉಳಿದ ತುಂಡುಗಳೂ ನಮ್ಮ ಪಾಠಶಾಲೆಯೂ

ಐದು ಸಾವಿರ ಜನರಿಗೆ ರೊಟ್ಟಿಯನ್ನೂ ಮೀನನ್ನೂ ಹಂಚಿದ ಬಳಿಕ ನಮ್ಮ ಕರ್ತನು ಶಿಷ್ಯರಿಂದ ಉಳಿದ ತುಂಡುಗಳನ್ನು ಕೂಡಿಸಿದನೆಂದೂ, ಅವು ಹನ್ನೆರಡು ಪುಟ್ಟಿ ತುಂಬಿದವೆಂದೂ ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಸಾವಿರಾರು ಜನರಿಗೆ ಉಣಿಸಲು ಶಕ್ತನಾದವನೇ ತುಂಡುಗಳು ಹಾಳಾಗಗೊಡಲಿಲ್ಲ. ಪಾಠಶಾಲೆಯೊಂದು ಭೂಮಿಯ ಮೇಲೆ ಹೊರಿಸುವ ಭಾರವನ್ನು ತಗ್ಗಿಸುವದು ಹೇಗೆಂಬ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆಯನ್ನು ನಾನರಿಯೆನು.

1. ನೀರು: ಒಂದು ವರ್ಷ ಎಪ್ರಿಲ್ ತಿಂಗಳಲ್ಲಿ ನಮ್ಮ ಬಾವಿ ಬತ್ತಿ, ಲಾರಿಯಲ್ಲಿ ನೀರು ತರಿಸಬೇಕಾಯಿತು. ಅದೇ ವಾರ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ಸೋರುವ ನಲ್ಲಿಯ ಕೆಳಗೆ ಪಾತ್ರೆಯಿಟ್ಟು, ತಾಸಿಗೆ ಎರಡು ಲೀಟರ್ ಪೋಲಾಗುವದನ್ನು ಅಳೆದು ನನಗೆ ತೋರಿಸಿದಳು. ದಿನಕ್ಕೆ 48 ಲೀಟರ್! ನೀರಿನ ಮಿತವ್ಯಯವನ್ನು ಬೋಧಿಸುತ್ತಿದ್ದ ನಾನು ಆ ನಲ್ಲಿಯನ್ನು ದಿನವೂ ದಾಟಿ ಹೋಗುತ್ತಿದ್ದೆನು. ಅಂದು ಪಾಠ ಕಲಿತವಳು ನಾನೇ.

ನಮ್ಮ ಸೀಮೆಗೆ ಮಳೆಯ ಕೊರತೆಯಿಲ್ಲ. ವರ್ಷಕ್ಕೆ 3500 ಮಿಲಿಮೀಟರ್ ಎಂದು ಇಟ್ಟುಕೊಂಡರೆ, 100 ಚದರ ಮೀಟರ್ ಮಾಡಿನ ಮೇಲೆ 3,50,000 ಲೀಟರ್ ನೀರು ಬೀಳುವದು. ಆದರೆ ಅದರ ಬಹುಭಾಗವು ಜೂನಿನಿಂದ ಸಪ್ಟೆಂಬರ್ ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿದು, ಗುಡ್ಡಗಳ ಇಳಿಜಾರಿನಿಂದ ತೋಡಿಗೂ ಹೊಳೆಗೂ ಸಮುದ್ರಕ್ಕೂ ಓಡುತ್ತದೆ. ಮಾಡಿನ ನೀರನ್ನು ಮರಳು, ಇದ್ದಲು, ಜಲ್ಲಿಗಳ ಮೂಲಕ ಸೋಸಿ ಬಾವಿಗೆ ಇಳಿಸಬಹುದು. ಧೂಳು, ತರಗೆಲೆಗಳನ್ನು ಹೊತ್ತು ಬರುವ ಮೊದಲ ಮಳೆಯ ನೀರನ್ನು ಮಾತ್ರ ಹೊರಗೆ ಬಿಡತಕ್ಕದ್ದು. ಇಂಗುಗುಂಡಿಗಳನ್ನು ಸಮತಟ್ಟಾದ ಸ್ಥಳದಲ್ಲಿಯೇ ತೋಡಬೇಕು. ಕಡಿದ ಬರೆಯ ಅಂಚಿನಲ್ಲಿ ತೋಡಿದರೆ ಮಣ್ಣು ಸಡಿಲಗೊಂಡು ಕುಸಿಯುವ ಭಯವುಂಟು.

ಕಬಕದಿಂದ ವಿಟ್ಲದ ದಾರಿಯಾಗಿ ಹೋದರೆ ಅಡ್ಯನಡ್ಕವು ಸಿಕ್ಕುವದು. ಅದರ ಸಮೀಪದ ಕೃಷಿಕರಾದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಏಕಾಂಗಿಯಾಗಿ ಸುರಂಗಗಳನ್ನು ಕೊರೆದು, ಅನೇಕ ಸಲ ನಿಷ್ಫಲರಾದರೂ ಬಿಡದೆ ನೀರನ್ನು ಕಂಡು, ತೋಟವನ್ನೆಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ದೊರಕಿತು. ಒಬ್ಬರ ಕೈಗಳು ಇಷ್ಟನ್ನು ಸಾಧಿಸಿದರೆ, ನೂರಾರು ಕೈಗಳಿರುವ ಪಾಠಶಾಲೆಯು ನೆಪ ಹೇಳಲಾಗದು.

2. ಕಸ: ಹಿಂದೆ ನಮ್ಮ ಕಸವನ್ನೆಲ್ಲಾ ಹಿತ್ತಿಲಲ್ಲಿ ಸುಡುತ್ತಿದ್ದೆವು. ಕಸ ಕಣ್ಣಿಗೆ ಮರೆಯಾಯಿತು. ಆದರೆ ಪ್ಲಾಸ್ಟಿಕ್ಕಿನ ವಿಷಹೊಗೆಯು ಮಕ್ಕಳ ಶ್ವಾಸಕೋಶಗಳನ್ನು ಸೇರಿತು. ಒಮ್ಮೆ ಮಾತ್ರ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು 2022ನೇ ಜುಲಾಯಿ 1ರಿಂದ ದೇಶದಲ್ಲಿಯೇ ನಿಷೇಧಿಸಲಾಗಿದೆ. ಊಟಕ್ಕೆ ತೊಳೆದಿಡುವ ಉಕ್ಕಿನ ಬಟ್ಟಲು ಎಲ್ಲಕ್ಕಿಂತಲೂ ಉತ್ತಮ. ವಾರ್ಷಿಕೋತ್ಸವದಂಥ ದಿನಗಳಲ್ಲಿ ನಮ್ಮ ತೋಟಗಳ ಅಡಿಕೆ ಹಾಳೆಯ ತಟ್ಟೆಗಳಿವೆ. ತರಕಾರಿಯ ಸಿಪ್ಪೆಯೂ ತರಗೆಲೆಯೂ ಗುಂಡಿಯಲ್ಲಿ ಕೆಲವು ತಿಂಗಳುಗಳೊಳಗೆ ಗೊಬ್ಬರವಾಗುವವು. ಅರ್ಧ ಬರೆದ ಪುಸ್ತಕದ ಖಾಲಿ ಹಾಳೆಗಳನ್ನು ಹೊಲಿದರೆ ಲೆಕ್ಕ ಮಾಡುವದಕ್ಕೆ ಇನ್ನೊಂದು ಪುಸ್ತಕ ಸಿದ್ಧ.

3. ವಿದ್ಯುತ್ತು: 75 ವ್ಯಾಟಿನ ಹತ್ತು ಫ್ಯಾನುಗಳು ಬರಿದಾದ ಕೋಣೆಗಳಲ್ಲಿ ದಿನಕ್ಕೆರಡು ತಾಸು ತಿರುಗಿದರೆ ಒಂದೂವರೆ ಯೂನಿಟ್ ವ್ಯಯವಾಗುವದು, 200 ದಿನಗಳಲ್ಲಿ 300 ಯೂನಿಟ್. ನಮ್ಮ ದೇಶದ ವಿದ್ಯುತ್ತಿನ ಹೆಚ್ಚಿನ ಭಾಗವು ಕಲ್ಲಿದ್ದಲಿನಿಂದ ಬರುವದರಿಂದ, ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ವಾಯುವಿನಲ್ಲಿ ಸೇರುತ್ತದೆ. ಹಾಗಾದರೆ ಯಾರಿಗೂ ಗಾಳಿ ಬೀಸದ ಆ ಫ್ಯಾನುಗಳ ಪಾಲು 210 ಕಿಲೋಗ್ರಾಂ! ಕೋಣೆಯಿಂದ ಕೊನೆಗೆ ಹೊರಡುವವಳು ಗುಂಡಿಯನ್ನು ಒತ್ತಿದರೆ ಸಾಕು.

ಈ ಕಾರ್ಯಗಳನ್ನು ಜವಾನನಿಗೆ ಒಪ್ಪಿಸಿ ಸುಮ್ಮನಿರುವದು ಶಿಕ್ಷಣವಲ್ಲ. ಒಂದು ತರಗತಿ ನಲ್ಲಿಗಳನ್ನೂ, ಇನ್ನೊಂದು ಗೊಬ್ಬರದ ಗುಂಡಿಯನ್ನೂ, ಮತ್ತೊಂದು ವಿದ್ಯುತ್ತಿನ ಮೀಟರನ್ನೂ ನೋಡಿಕೊಂಡು, ತಿಂಗಳ ಲೆಕ್ಕವನ್ನು ಫಲಕದ ಮೇಲೆ ಬರೆಯಲಿ. ಲೆಕ್ಕ ತಪ್ಪಿದರೆ ತಿದ್ದಲಿ, ಸೋಲಾದರೆ ಮುಚ್ಚಿಡದಿರಲಿ. ಇಲ್ಲಿ ಕಲಿತ ಹುಡುಗಿ ನಾಳೆ ತನ್ನ ಮನೆಯ ಬಾವಿಯನ್ನೂ ಒಲೆಯನ್ನೂ ಅದೇ ಕಣ್ಣಿನಿಂದ ನೋಡುವಳು.

ಆ ನಲ್ಲಿಗೆ ಹೊಸ ವಾಷರು ಹಾಕಿಸಿದ್ದಾಯಿತು. ಅದಕ್ಕೆ ತಗಲಿದ ಖರ್ಚು ಅತ್ಯಲ್ಪ. ನಮ್ಮ ಪಾಠಶಾಲೆಯಲ್ಲಿ ಇನ್ನೆಷ್ಟು ಪುಟ್ಟಿ ತುಂಡುಗಳು ಚೆಲ್ಲಿಬಿದ್ದಿವೆಯೋ! ಪ್ರಿಯ ವಿದ್ಯಾರ್ಥಿನಿಯರೇ, ಬನ್ನಿರಿ, ಕೂಡಿಸೋಣ.